ಜಾಯಿಕಾಯಿ ನಾಲ್ಕು ಸುತ್ತು

೧೪ ಜುಲೈ ೧೯೫೮, ಸೋಮವಾರ
ಶಿಕಾರಿಪುರ

ಕಾಲೇಜಿನ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳು ಇವು. ಮೊದಲ ಅರ್ಧದಲ್ಲಿ ಹಳಗನ್ನಡ ವ್ಯಾಕರಣದ ಟಿಪ್ಪಣಿ ಇದೆ. ಹಾಗಾಗಿ ಈ ಮನೆಯಲ್ಲಿ ಯಾರೂ ತೆರೆದು ನೋಡುವ ಭಯವಿಲ್ಲ.

ಕೂಸಿಗೆ ಮೂರು ತಿಂಗಳು ಹತ್ತು ದಿನ. ಸೊರಬದಲ್ಲಿ ಬಾಣಂತನ ಮುಗಿಸಿಕೊಂಡು ಇಲ್ಲಿಗೆ ಬಂದು ಎರಡು ವಾರ. ಬಂದಾಗಿನಿಂದ ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿದ ನೆನಪಿಲ್ಲ. ಕೂಸು ಅತ್ತರೆ ಏಳುತ್ತೇನೆ. ಅಳದಿದ್ದರೆ, ಯಾಕೆ ಅಳಲಿಲ್ಲ ಎಂದು ಏಳುತ್ತೇನೆ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಅತ್ತೆ ಹೇಳುತ್ತಾರೆ, "ನಾನೂ ಐದು ಹೆತ್ತೀನಿ. ಹಿಂಗೆ ಮೂಗು ಮುಟ್ಟಿ ನೋಡ್ತಾ ಕುಂತಿದ್ರೆ ಮನೆ ಕೆಲಸ ಯಾರು ಮಾಡ್ತಿದ್ರು?" ಆ ಐದರಲ್ಲಿ ಉಳಿದದ್ದು ಎರಡು ಎನ್ನುವುದನ್ನು ಅವರು ಹೇಳುವುದಿಲ್ಲ.

ಅಕ್ಟೋಬರ್ ಆರಕ್ಕೆ ಶಿವಮೊಗ್ಗದಲ್ಲಿ ಪರೀಕ್ಷೆ. ಬಿ.ಎ.ಗೆ ಉಳಿದಿರುವುದು ಕನ್ನಡದ ಒಂದೇ ಪತ್ರಿಕೆ, ಮದುವೆಯ ಗಡಿಬಿಡಿಯಲ್ಲಿ ಬಿಟ್ಟದ್ದು. ಈ ಊರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಡಿಗ್ರಿ ಆದವಳು ಬೇಕಂತೆ, ಪಾಸಾದ ಕಾಗದ ತೋರಿಸಿದರೆ ಕೆಲಸ ಖಾತ್ರಿ ಎಂದು ಅಪ್ಪ ಬರೆದಿದ್ದಾರೆ. ಆ ಕೆಲಸ ಸಿಗದಿದ್ದರೆ ನಾನು ಈ ಒಲೆಯ ಮುಂದೆಯೇ ಮುದುಕಿಯಾಗುತ್ತೇನೆ.

ಹೆಣ್ಣು ನೋಡಲು ಬಂದ ದಿನ ಇವರು ಅಪ್ಪನಿಗೆ ಹೇಳಿದ್ದರು, "ಓದು ನಿಲ್ಲಿಸೋದು ಬೇಡ ಮೇಷ್ಟ್ರೇ. ಗಂಡು ಹೆಣ್ಣು, ಬಡವ ಬಲ್ಲಿದ ಅನ್ನೋ ಭೇದ ನನಗಿಲ್ಲ." ನಲವತ್ತು ಎಕರೆಯವರ ಮಗ ಹೀಗೆ ಹೇಳಿದನೆಂದು ಅಪ್ಪ ಕಣ್ಣೊರೆಸಿಕೊಂಡಿದ್ದರು. ನಾನೂ ಬಾಗಿಲ ಹಿಂದೆ ನಿಂತು ನಂಬಿದ್ದೆ. ಇವತ್ತು ಅತ್ತೆ, "ಪುಸ್ತಕ ಹಿಡ್ಕಂಡ್ರೆ ಎದೆಹಾಲು ಬತ್ತುತ್ತೆ" ಎಂದರು. ಇವರು ಪೇಪರು ಮಡಿಸಿ ಇನ್ನೊಂದು ಪುಟ ತೆಗೆದರು.

೧೭ ಜುಲೈ

ಪಠ್ಯದ ನಾಟಕ ಓದಿ ಮುಗಿಸಿದೆ. ಹಾಲೂಡಿಸುತ್ತಾ ಓದಿದ್ದರಿಂದ ಎರಡು ಮೂರು ಪುಟಕ್ಕೆ ಹಾಲಿನ ಕಲೆ.

ಕಥೆ ಇಷ್ಟು. ಗಿರಣಿ ಮಾಲೀಕನ ಮಗ ಜಯದೇವ ಮದರಾಸಿನಲ್ಲಿ ಓದಿ ಬಂದವನು. ಬಡ ಮೇಷ್ಟರ ಮಗಳು ವನಜಾಕ್ಷಿಯನ್ನು ಮೆಚ್ಚಿ ತಾನಾಗಿ ಕೇಳಿಕೊಂಡು ಬರುತ್ತಾನೆ. ಮದುವೆ ನಿಶ್ಚಯವಾಗುವುದರಲ್ಲಿದೆ. ಒಂದು ಸಂಜೆ ಅವಳ ಮನೆಗೆ ಬರುವಾಗ ಡ್ರೈವರ್ ಮಂಜಪ್ಪನನ್ನು ಪಕ್ಕಕ್ಕೆ ಕೂರಿಸಿ ತಾನೇ ಕಾರು ಓಡಿಸುತ್ತಾನೆ. ಎಣ್ಣೆ ಮಾರುವ ಮುದುಕ ಚಕ್ರಕ್ಕೆ ಸಿಕ್ಕಿ ಸಾಯುತ್ತಾನೆ. ಪೊಲೀಸರು ಬಂದು "ಡ್ರೈವರ್ ಯಾರು?" ಎಂದು ಕೇಳುತ್ತಾರೆ. ಎಲ್ಲರೂ ಮಂಜಪ್ಪನನ್ನು ನೋಡುತ್ತಾರೆ. ಜಯದೇವ ಸುಮ್ಮನಿರುತ್ತಾನೆ. ಅಷ್ಟೇ ಅವನು ಮಾಡುವುದು. ಮುಂದಿನ ಅಂಕದಲ್ಲಿ ಕೂಲಿಗಳ ಸಭೆಯಲ್ಲಿ ಮನುಷ್ಯರೆಲ್ಲ ಒಂದೇ ಎಂದು ಎರಡು ಪುಟ ಭಾಷಣ. ಕೊನೆಗೆ, ಜೈಲು ಸೇರಿದ ಮಂಜಪ್ಪನ ಹೆಂಡತಿ ಕೂಸನ್ನೆತ್ತಿಕೊಂಡು ಬಿಸಿಲಲ್ಲಿ ಜಯದೇವನ ಬಾಗಿಲಿಗೆ ಬರುತ್ತಾಳೆ. ಜಯದೇವ ತನ್ನ ಕೈಯಾರೆ ನೀರು ತಂದುಕೊಡುತ್ತಾನೆ, ಹೊದ್ದ ಶಾಲು ತೆಗೆದು ಕೂಸಿಗೆ ಹೊದಿಸುತ್ತಾನೆ. ಅವಳು, ನನ್ನ ಗಂಡ ಮಾಡಿದ ತಪ್ಪಿಗೆ ನಿಮಗೆ ಇಷ್ಟು ಕಷ್ಟವಾಯಿತು ಎಂದು ಅವನ ಕಾಲಿಗೆ ಬೀಳುತ್ತಾಳೆ. ತೆರೆ.

ಹೋದ ವರ್ಷದ ಪ್ರಶ್ನೆ: 'ಜಯದೇವನು ಉದಾತ್ತನೇ? ಪಾತ್ರವನ್ನು ವಿಮರ್ಶಿಸಿರಿ.' ಹದಿನಾರು ಅಂಕ. ಈ ಸಲವೂ ಬರಬಹುದು.

ಉದಾತ್ತನಂತೆ. ನಾಟಕ ಪೂರ್ತಿ ಹುಡುಕಿದೆ, ಜಯದೇವ ಎಲ್ಲಿಯೂ ಒಂದು ಸುಳ್ಳು ಹೇಳುವುದಿಲ್ಲ. ಅವನಂಥವರಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಸುಮ್ಮನಿದ್ದರೆ ಸಾಕು, ಉಳಿದವರು ತಾವಾಗಿ ಮುಂದೆ ಬಂದು ಅವನ ತಪ್ಪಿನ ಕೆಳಗೆ ತಲೆ ಕೊಡುತ್ತಾರೆ. ಕೊನೆಯ ದೃಶ್ಯವಂತೂ ನಂಬುವ ಹಾಗಿಲ್ಲ. ಏಟು ತಿಂದವಳು ಹೊಡೆದವನ ಕೈ ನೋಯಿತೇ ಎಂದು ಕೇಳುತ್ತಾಳೆಯೇ? ನಾಟಕ ಬರೆದವನಿಗೆ ಬಡವರ ಪರಿಚಯವಿಲ್ಲ.

ಇದನ್ನೇ ಅಪ್ಪನಿಗೂ ಕಾಗದದಲ್ಲಿ ಬರೆದೆ. ಅವರಿಗೆ ಇಂಥದು ಇಷ್ಟ.

೨೩ ಜುಲೈ

ಕೂಸಿಗೆ ಎರೆಯುವುದಕ್ಕೆ ಸುಂಕಲಮ್ಮ ದಿನವೂ ಬೆಳಿಗ್ಗೆ ಬರುತ್ತಾಳೆ. ಈ ಸುತ್ತಿನ ಮೂರು ಬೀದಿಯ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿ ದೊಡ್ಡವಾದವು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ, ಮೊಣಕಾಲ ನಡುವೆ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಾಳೆ. ಕೂಸು ಕಿರುಚುತ್ತದೆ. ನಾನು ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತೇನೆ.

"ಹೆದರಬ್ಯಾಡ್ರಿ ತಾಯೀ. ಸಣ್ಣ ಗೌಡ್ರ ಮೂಗು ನಾನೇ ತಿದ್ದಿದ್ದು. ಹುಟ್ಟಿದಾಗ ಹುಣಸೆಬೀಜ ಇದ್ದಂಗಿತ್ತು."

"ತಿದ್ದುವಾಗ ನಾಲಿಗೆಯನ್ನೂ ಸ್ವಲ್ಪ ತಿದ್ದಬೇಕಿತ್ತು" ಎಂದೆ.

ಅವಳು ನಗುತ್ತಾ ಕೂಸಿನ ಬೆನ್ನಿಗೆ ನೀರು ಚಿಮುಕಿಸಿದಳು. "ನಾಲಿಗೆ ತಾಯಿ ಪಾಲಿಂದು. ನಾವು ಮುಟ್ಟಂಗಿಲ್ಲ."

ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ ಸಾಣೆಕಲ್ಲು ಎಳೆದುಕೊಳ್ಳುತ್ತಾಳೆ. ಕಲ್ಲಿನ ಮೇಲೆ ನನ್ನ ಎದೆಹಾಲು ನಾಲ್ಕು ಹನಿ. ಅದರಲ್ಲಿ ಬಜೆ ಎರಡು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು. ಪ್ರತಿ ಸುತ್ತನ್ನೂ ಬಾಯಿಬಿಟ್ಟು ಎಣಿಸುತ್ತಾಳೆ. ತೇಯ್ದದ್ದನ್ನು ಒಳಲೆಯಲ್ಲಿ ಬಳಿದುಕೊಂಡು ಕೂಸಿನ ಬಾಯಿಗೆ ಬಿಡುತ್ತಾಳೆ.

"ಜಾಯಿಕಾಯಿ ಒಂದು ಸುತ್ತಿಗೆ ನಿದ್ದಿ, ಎರಡು ಸುತ್ತಿಗೆ ಮಂಪರು. ಮೂರನೇದು ಸುತ್ತಬಾರ್ದು. ನೆಪ್ಪಿಟ್ಕಳ್ರಿ."

ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾಳೆ. ಅವಳ ಲೋಟ ಬೇರೆ, ಹೊರಗೋಡೆಯ ಗೂಡಿನಲ್ಲಿದೆ. ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾಳೆ. ಇವರ ಮೂಗು ತಿದ್ದಿದ ಕೈಗೆ ಇಪ್ಪತ್ತೆಂಟು ವರ್ಷದಿಂದ ಅದೇ ಲೋಟ.

೨ ಆಗಸ್ಟ್

ಇವರು ಬ್ಲಾಕ್ ಆಫೀಸಿನಲ್ಲಿ ಎಕ್ಸ್‌ಟೆನ್ಷನ್ ಆಫೀಸರು. ನಿನ್ನೆ ಜೀಪಿನಲ್ಲಿ ತಾಳಗುಂದಕ್ಕೆ ಹೋಗಿ ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸಿ ಬಂದರಂತೆ. ಸುಂಕಲಮ್ಮನ ಮಗಳನ್ನು ಕೊಟ್ಟಿರುವುದು ಅದೇ ಊರಿಗೆ. ಆ ಮಗಳೇ ಇವರ ಎಲೆಗೆ ಪಲ್ಯ ಬಡಿಸಿದಳಂತೆ. ಇವರ ಮುಖದಲ್ಲಿ ಬೆಳಕು ನೋಡಬೇಕಿತ್ತು.

ಊಟಕ್ಕೆ ಕೂತಾಗ ಕೇಳಿದೆ, "ರೀ, ಸುಂಕಲಮ್ಮನ ಲೋಟ ಒಳಗೆ ಇಡೋಣವಾ?"

"ಅಮ್ಮ ಇರೋ ತನಕ ಆಗದು ಮಾರಾಯ್ತಿ."

"ತಾಳಗುಂದದಲ್ಲಿ ಅಮ್ಮ ಇರಲಿಲ್ಲ, ಅಲ್ಲವಾ?"

ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ಉತ್ತರದ ಮೊದಲ ಕರಡು ಬರೆದೆ. ಜಯದೇವನ ಒಳ್ಳೆಯತನ ತನ್ನ ಮನೆಯ ಹೊಸ್ತಿಲ ಆಚೆಗೆ ಶುರುವಾಗುತ್ತದೆ. ತನಗೆ ನಷ್ಟವಾಗದ ಕಡೆ ಅವನು ಕರ್ಣ. ವನಜಾಕ್ಷಿಯನ್ನು ಮೆಚ್ಚಿದ್ದೂ ಹಾಗೆಯೇ: ಬಡ ಮನೆಯ ಹುಡುಗಿ ಕೃತಜ್ಞತೆಯಿಂದ ಇರುತ್ತಾಳೆ, ತನ್ನ ದೊಡ್ಡತನವನ್ನು ದಿನವೂ ಅವಳ ಕಣ್ಣಲ್ಲಿ ನೋಡಿಕೊಳ್ಳಬಹುದು. ಮಂಜಪ್ಪ ಜೈಲಿಗೆ ಹೋದದ್ದು ಅವನಿಗೆ ದುಃಖವೇ. ಆ ದುಃಖವನ್ನೂ ಅವನು ಒಳ್ಳೆಯ ಶಾಲಿನಂತೆ ಹೊದ್ದುಕೊಂಡು ತಿರುಗುತ್ತಾನೆ.

ಬರೆದು ಓದಿದೆ. ಇವರ ಮುಂದೆ ಗಟ್ಟಿಯಾಗಿ ಓದಬೇಕು ಎನಿಸಿತು. ಅಷ್ಟರಲ್ಲಿ ಕೂಸು ಎದ್ದಿತು.

೯ ಆಗಸ್ಟ್

ಹಲ್ಲಿಲ್ಲ, ಜ್ವರವಿಲ್ಲ, ಹೊಟ್ಟೆ ಮೃದುವಾಗಿದೆ. ಯಾಕೆ ಅಳುತ್ತದೋ ಗೊತ್ತಿಲ್ಲ. ನಾಲ್ಕು ದಿನದಿಂದ ಒಂದು ಸಾಲು ಓದಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ತಟ್ಟೆ ದೂಡಿ, "ಇನ್ನು ಪರೀಕ್ಷೆ ಗಿರೀಕ್ಷೆ ಸಾಕು. ಹೇಳ್ತೀನಿ ಅವನಿಗೆ" ಎಂದರು.

೧೨ ಆಗಸ್ಟ್, ಮಂಗಳವಾರ

ಎಷ್ಟು ಸಂತೋಷದ ಮಧ್ಯಾಹ್ನ. ಬರೆದಿಡಬೇಕು.

ಬೆಳಿಗ್ಗೆ ಸುಂಕಲಮ್ಮ ಎರೆದು, ಎಂದಿನಂತೆ ತೇಯ್ದು ಕುಡಿಸಿ ಹೋದಳು. ಒಂದು ಗಂಟೆಯೂ ಮಲಗಲಿಲ್ಲ, ಕೂಸು ಎದ್ದು ಅಳತೊಡಗಿತು. ಅತ್ತೆ ಊಟ ಮಾಡಿ ಪಕ್ಕದ ಶೇಷಮ್ಮನವರ ಮನೆಗೆ ಹೋದರು. ಮನೆಯಲ್ಲಿ ನಾನು, ಕೂಸು, ಸಾಣೆಕಲ್ಲು. ನಾನೇ ಹಾಲು ಬಿಟ್ಟುಕೊಂಡು ಜಾಯಿಕಾಯಿ ತೇಯ್ದೆ. ಒಂದು ಸುತ್ತು. ಅಳು ಕೇಳುತ್ತಲೇ ಇತ್ತು, ಇನ್ನೊಂದು. ಆಮೇಲೆ ಇನ್ನೆರಡು. ಒಟ್ಟು ನಾಲ್ಕು. ಒಳಲೆಯಲ್ಲಿ ಕುಡಿಸಿದೆ, ಚಪ್ಪರಿಸಿಕೊಂಡು ಕುಡಿಯಿತು.

ಹತ್ತು ನಿಮಿಷದಲ್ಲಿ ಮಲಗಿತು. ಮೂರು ಗಂಟೆ ಕಾಲ ನನಗೆ ಮೇಜು, ಬೆಳಕು, ಪುಸ್ತಕ. ಜಯದೇವನ ಮೇಲೆ ಮೂರು ಪುಟ ಬರೆದೆ. ಕಾಲೇಜಿನಲ್ಲಿದ್ದಾಗಿನ ಕೈಬರಹ ಮತ್ತೆ ಬಂತು.

ಐದು ಗಂಟೆ. ಇನ್ನೂ ಮಲಗಿದೆ. ಒಳ್ಳೆಯ ಕೂಸು.

೧೩ ಆಗಸ್ಟ್

ಎದ್ದಿಲ್ಲ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದೆ, ಕುತ್ತಿಗೆ ನಿಲ್ಲಲಿಲ್ಲ. ಮೊಲೆ ಹಿಡಿಯಲಿಲ್ಲ. ಅಂಗಾಲಿಗೆ ತಟ್ಟಿದೆವು, ಮುಖಕ್ಕೆ ನೀರು. ಕಣ್ಣು ಅರ್ಧ ತೆರೆಯುತ್ತದೆ, ಏನೂ ನೋಡುವುದಿಲ್ಲ. ಡಾಕ್ಟರು ಎರಡು ಸಲ ಬಂದರು.

ನನ್ನ ಕೈ. ಈ ಕೈ.

೧೪ ಆಗಸ್ಟ್

ಬೆಳಿಗ್ಗೆ ಅತ್ತಿತು. ಹಾಲು ಕುಡಿಯಿತು. ಡಾಕ್ಟರು ಸ್ಟೆತಾಸ್ಕೋಪು ಮಡಿಸುತ್ತಾ, "ಯಾರೋ ಜಾಯಿಕಾಯಿ ವಿಪರೀತ ತೇಯ್ದಿದ್ದಾರೆ. ಇನ್ನೆರಡು ಸುತ್ತಾಗಿದ್ದರೆ ನನ್ನನ್ನು ಕರೆಯೋ ಕೆಲಸ ಇರ್ತಿರಲಿಲ್ಲ" ಎಂದರು. ಇವರು ನೆಲ ನೋಡಿದರು. ಅತ್ತೆ ಹಿತ್ತಿಲ ಕಡೆ ನೋಡಿದರು. ಯಾರೋ ಎಂದರೆ ಈ ಮನೆಯಲ್ಲಿ ಹಿತ್ತಿಲಿನಿಂದ ಬರುವವರು.

ಎರಡು ದಿನ ಸುಂಕಲಮ್ಮನನ್ನು ಬರಬೇಡವೆಂದು ಹೇಳಿ ಕಳಿಸಿದ್ದರು. ನಾಳೆ ಬರುತ್ತಾಳೆ.

೧೫ ಆಗಸ್ಟ್

ಇವರು ಖಾದಿ ಹಾಕಿಕೊಂಡು ಧ್ವಜ ಹಾರಿಸುವುದಕ್ಕೆ ಹೊರಟು ನಿಂತಿದ್ದರು. ಆಗ ಸುಂಕಲಮ್ಮ ಬಂದಳು. ಅತ್ತೆ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತರು.

"ಮಂಗಳವಾರ ಎಷ್ಟು ಸುತ್ತು ತೇಯ್ದೆ?"

"ಒಂದೇ ಅಮ್ಮಾರೆ. ಯಾವತ್ತಿನಂಗೆ."

"ಒಂದೇ ಸುತ್ತಿಗೆ ಕೂಸು ಹೆಣದಂಗೆ ಬೀಳುತ್ತಾ? ಕಣ್ಣು ಮಂಜಾಗಿದ್ರೆ ಮಂಜು ಅನ್ನು. ಯಾಕೆ ಕೂಸಿನ ಜೀವ ತೆಗೀತೀ?"

"ಸಣ್ಣಮ್ಮಾರು ಎದುರಿಗೇ ಇದ್ರು. ನಾನು ಎಣಿಸಿದ್ದು ಕೇಳ್ಸ್ಕಂಡಾರೆ." ನನ್ನ ಕಡೆ ತಿರುಗಿದಳು. "ಹೇಳ್ರಿ ತಾಯೀ."

ಅತ್ತೆ ನನ್ನನ್ನು ನೋಡಿದರು. ಇವರೂ ನೋಡಿದರು. ಮೇಜಿನ ಮೇಲೆ ನನ್ನ ಪುಸ್ತಕ ಇತ್ತು. ಹೇಳಿದರೆ ಮೊದಲು ಒಲೆಗೆ ಹೋಗುವುದು ಅದು. ಆಮೇಲೆ ಪರೀಕ್ಷೆ, ಕೆಲಸ. ಆಮೇಲೆ ನಾನು ಸಾಯುವವರೆಗೂ ಈ ಮನೆಯಲ್ಲಿ, ಓದುವುದಕ್ಕೋಸ್ಕರ ಕೂಸಿಗೆ ವಿಷ ಹಾಕಿದವಳು.

"ನಾನು ಬಟ್ಟೆ ತರೋದಕ್ಕೆ ಒಳಗೆ ಹೋಗಿದ್ದೆ" ಎಂದೆ. "ಸರಿಯಾಗಿ ನೋಡಲಿಲ್ಲ."

ಇದು ಸುಳ್ಳಲ್ಲ. ಬಟ್ಟೆ ತರಲು ಹೋಗಿದ್ದೆ, ನಿಜ.

ಸುಂಕಲಮ್ಮ ಜಗಳವಾಡಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಗೂಡಿನಿಂದ ಲೋಟ ತೆಗೆದು, ಕಾಫಿಯನ್ನೇ ಕುಡಿಯದ ಲೋಟವನ್ನು ತೊಳೆದು, ಬೋರಲು ಹಾಕಿ ಹೋದಳು.

ಇವರಿಗೆ ಧ್ವಜಕ್ಕೆ ಹೊತ್ತಾಗಿತ್ತು.

ನಾಲ್ಕು ಸುತ್ತು. ಅವಳದೊಂದು, ನನ್ನವು ನಾಲ್ಕು. ನಾಳೆ ಹೇಳುತ್ತೇನೆ. ಪರೀಕ್ಷೆಯಾದ ಮೇಲೆ ಹೇಳಿದರೂ ಆಗುತ್ತದೆ.

೨೧ ಆಗಸ್ಟ್

ಶೇಷಮ್ಮನವರ ಸೊಸೆಗೆ ಹೆರಿಗೆಯಾಯಿತು. ಎರೆಯುವುದಕ್ಕೆ ಬೇರೆ ಯಾರನ್ನೋ ಕರೆಸಿದ್ದಾರೆ. ಶೇಷಮ್ಮ ಬೇಲಿ ಆಚೆಯಿಂದ ಅತ್ತೆಗೆ ಹೇಳುತ್ತಿದ್ದರು, "ನಿಮ್ಮ ಮನೇದು ಕೇಳಿದ ಮೇಲೆ ಧೈರ್ಯ ಯಾರಿಗೈತ್ರಿ ಯಮುನಮ್ಮಾರೆ. ಕೆಳಗಿನ ಬೀದಿಯೋರೂ ಬಿಡಿಸಿದ್ರಂತೆ."

ನಾನು ಅದನ್ನೇ ಯೋಚಿಸುತ್ತಾ ಕೂತರೆ ಓದು ಸಾಗುವುದಿಲ್ಲ. ಅವಳಿಗೂ ಐವತ್ತೈದಾಯಿತು, ಎಷ್ಟು ದಿನ ಈ ಕೆಲಸ ಮಾಡುತ್ತಿದ್ದಳು. ಇನ್ನೊಂದು ವಿಷಯ, ನಾನು ತೇಯ್ದದ್ದು ನಾಲ್ಕು ಎಂದು ಹೇಗೆ ಹೇಳಲಿ? ಅಳುವಿನ ನಡುವೆ ಎಣಿಸಿದ್ದು. ಮೂರಿರಬೇಕು.

ಜಯದೇವನ ಮೂರು ಪುಟ ಮತ್ತೆ ಓದಿದೆ. ಭಾಷೆ ಸ್ವಲ್ಪ ಒರಟಾಯಿತು. 'ಹೇಡಿ' ಎಂಬುದನ್ನು ಹೊಡೆದು 'ದುರ್ಬಲ' ಎಂದು ಬರೆದೆ. ಪರೀಕ್ಷಕರು ಸಮತೋಲ ಬಯಸುತ್ತಾರೆ.

೨೭ ಆಗಸ್ಟ್

ಅತ್ತೆ ಪೂಜೆಗೆ ಕೂತಿದ್ದಾಗ ಇವರು ಅಡುಗೆಮನೆಗೆ ಬಂದರು. ಯಾವತ್ತೂ ಬರದವರು.

"ಆವತ್ತು ಮಂಗಳವಾರ ನಾಲ್ಕು ಗಂಟೆಗೆ ಫೈಲು ಮರೆತು ಮನೆಗೆ ಬಂದಿದ್ದೆ. ನೀನು ಬರೀತಾ ಇದ್ದೆ, ನೋಡಲಿಲ್ಲ. ಸಾಣೆಕಲ್ಲು ಒದ್ದೆ ಇತ್ತು."

ನಾನು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದೆ.

"ತೊಳೆದಿಟ್ಟೆ" ಎಂದರು. "ಅಮ್ಮ ನೋಡಿದ್ರೆ ಸುಮ್ಮನೆ ರಾದ್ಧಾಂತ."

"ಎರಡೇ ಸುತ್ತು ರೀ. ಎರಡರ ಮೇಲೆ ತೇಯ್ದಿಲ್ಲ."

"ಇರಲಿ. ನಾನೇನು ಕೇಳಿದೆನಾ? ನೀನು ಓದಿಕೋ. ಅಮ್ಮನಿಗೆ ನಾನು ಹೇಳ್ತೀನಿ."

ಸಂಜೆಯೇ ಹೇಳಿದರು. ಅತ್ತೆಯ ಎದುರು ಇವರು ಎತ್ತಿದ ಮೊದಲ ಮಾತು ಅದು: "ಪರೀಕ್ಷೆ ಹತ್ತಿರ ಬರೋ ತನಕ ಇವಳನ್ನ ಸೊರಬಕ್ಕೆ ಬಿಟ್ಟು ಬರ್ತೀನಿ. ಅಲ್ಲಿ ಅವಳಮ್ಮ ಕೂಸು ನೋಡ್ಕೋತಾರೆ." ಅತ್ತೆ ಗೊಣಗಿದರು, ಆದರೆ ಒಪ್ಪಿದರು.

ಇವರ ಬಗ್ಗೆ ನಾನು ಬಹಳ ದುಡುಕಿ ಬರೆದಿದ್ದೇನೆ. ಎಲ್ಲ ಒಳ್ಳೆಯತನವೂ ಬಾಯಿಬಿಟ್ಟು ಹೇಳುವಂಥದಲ್ಲ.

೧೦ ಸೆಪ್ಟೆಂಬರ್
ಸೊರಬ

ಅಮ್ಮ ಕೂಸನ್ನು ಎತ್ತಿಕೊಂಡರೆ ಇಳಿಸುವುದಿಲ್ಲ. ಓದು ಸಾಗುತ್ತಿದೆ. ನಿದ್ದೆ ಮಾತ್ರ ಇಲ್ಲಿಯೂ ಇಲ್ಲ. ಕಣ್ಣು ಮುಚ್ಚಿದರೆ ಎರಡು ಅಂಗೈ ತಿರುಗುತ್ತವೆ.

ಬೆಳಿಗ್ಗೆ ಜಗಲಿಯಲ್ಲಿ ಕೂತು ಅಪ್ಪನಿಗೆ ಉತ್ತರ ಓದಿ ಹೇಳಿದೆ. ಮೂವತ್ತೈದು ವರ್ಷ ಮೇಷ್ಟರಾಗಿದ್ದವರು, ಈಗಲೂ ಕೇಳುವಾಗ ಕೈಯಲ್ಲಿ ಬಳಪ ಹಿಡಿದಂತೆ ಬೆರಳು ಕೂಡಿಸುತ್ತಾರೆ.

"ಜುಲೈ ಕಾಗದದಲ್ಲಿ ಜಯದೇವನ ಚರ್ಮ ಸುಲಿದಿದ್ದೆ" ಎಂದರು. "ಈಗ ಎಣ್ಣೆ ಹಚ್ಚಿ ನೀರು ಹಾಕ್ತಾ ಇದ್ದೀಯಲ್ಲ ಮಗಾ."

"ಅವನ ಜಾಗದಲ್ಲಿ ನಿಂತು ನೋಡಬೇಕು ಅಪ್ಪಾ. ಸಣ್ಣ ವಯಸ್ಸು. ಎದುರಿಗೆ ಮದುವೆ, ಇಡೀ ಬದುಕು. ಬಾಯಿ ಬಿಟ್ಟಿದ್ದರೆ ಎಲ್ಲಾ ಹೋಗ್ತಿತ್ತು."

"ಮಂಜಪ್ಪಂದು ಹೋಯ್ತಲ್ಲ."

"ಮಂಜಪ್ಪನ ಹತ್ತಿರ ಹೋಗೋದಕ್ಕೆ ಏನಿತ್ತು?"

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಅಲ್ಲಿ ನಿನಗೆ ಏನಾದ್ರೂ ತೊಂದರೆ ಇದೆಯಾ?"

"ಏನೂ ಇಲ್ಲ. ಎಲ್ಲರೂ ಚೆನ್ನಾಗಿ ನೋಡ್ಕೋತಾರೆ."

"ಹಾಗಾದ್ರೆ ಸರಿ" ಎಂದು ಎದ್ದು ಪೇಟೆ ಕಡೆ ಹೋದರು. ಊಟದ ಹೊತ್ತಿಗೆ ಬಂದರೂ ನಾಟಕದ ಮಾತೆತ್ತಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಎಲ್ಲವನ್ನೂ ಕರಿಹಲಗೆಯ ಹಾಗೆ ಕಪ್ಪು ಬಿಳುಪಿನಲ್ಲಿ ನೋಡುತ್ತಾರೆ.

ಮಧ್ಯಾಹ್ನ ಅಮ್ಮ ಕೂಸಿಗೆ ಬಜೆ ತೇಯುತ್ತಿದ್ದಳು. ಆ ಕರಕರ ಸದ್ದಿಗೆ ಎದ್ದು ಹಿತ್ತಿಲಿಗೆ ಹೋದೆ. ಆವತ್ತು ನಾನು ತೇಯ್ದದ್ದು ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಅದರಿಂದ ಏನಾಗುತ್ತದೆ.

೨೮ ಸೆಪ್ಟೆಂಬರ್
ಶಿಕಾರಿಪುರ

ಇವರು ಕರೆದುಕೊಂಡು ಹೋಗಲು ಸೊರಬಕ್ಕೆ ಬಂದಿದ್ದರು. ಹತ್ತು ಗಂಟೆಯ ಬಸ್ಸಿಗೆ ಹೊರಟೆವು. ಶಿರಾಳಕೊಪ್ಪದಲ್ಲಿ, ತಾಳಗುಂದದ ದಾರಿ ಕೂಡುವ ಕಡೆ ಬಸ್ಸು ನಿಂತಿತು, ಇಂಜಿನ್ನಿಗೆ ನೀರು ಬೇಕಾಗಿತ್ತು. ಇವರು ಇಳಿದು ಡ್ರೈವರನ ಜೊತೆ ಮಾತಾಡುತ್ತಿದ್ದರು. ಮರದ ಕೆಳಗೆ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತವಳು ಎದ್ದು ಕಿಟಕಿಯ ಹತ್ತಿರ ಬಂದಳು. ಸುಂಕಲಮ್ಮ. ಮೊದಲು ಗುರುತು ಹತ್ತಲಿಲ್ಲ, ಅಷ್ಟು ಇಳಿದುಹೋಗಿದ್ದಳು.

"ಕೂಸು ತುಂಬ್ಕಂಡೈತೆ" ಎಂದಳು. ಕಿಟಕಿಯೊಳಗೆ ಕೈ ಚಾಚಿ, ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು. "ಮೂಗು ಇನ್ನೊಂಚೂರು ತಿದ್ದಬೇಕಿತ್ತು."

"ಇಲ್ಲೇ ಇದ್ದೀಯಾ?"

"ಮಗಳ ಮನ್ಯಾಗೆ. ಅಲ್ಲಿ ಯಾರು ಕರೀತಾರೆ ತಾಯೀ." ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಳು. "ನಾನೂ ಯೋಚ್ನಿ ಮಾಡಿ ಮಾಡಿ ನೋಡ್ದೆ. ಒಂದೇ ಸುತ್ತು ಅಂತ ಮನಸು ಹೇಳತೈತೆ. ಆದ್ರೆ ಕೂಸು ಎರಡು ದಿನ ಬಿದ್ದಿದ್ದು ಸುಳ್ಳಲ್ಲವಲ್ಲ. ಮತ್ಯಾರು ತೇಯ್ತಾರೆ? ನನ್ ಕೈಯ್ಯೇ ಲೆಕ್ಕ ತಪ್ಪಿರಬೇಕು. ಮಗಳ ಕೂಸಿಗೂ ಈಗ ತೇಯಂಗಿಲ್ಲ ನಾನು. ಕಲ್ಲು ಹಿಡಿದ್ರೆ ನಡುಗತೈತೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾತು ತಾಯೀ. ಹೊಟ್ಯಾಗೆ ಹಾಕ್ಕಳ್ರಿ."

ಬಸ್ಸಿನಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಹೋಗಲಿ ಬಿಡು ಸುಂಕಲಮ್ಮ" ಎಂದೆ. "ಬೇಕಂತ ಮಾಡಿದ್ದಲ್ಲವಲ್ಲ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

ಅವಳ ಕಣ್ಣು ತುಂಬಿತು. ನನಗೂ ಏನೋ ಆಯಿತು. ಅಮ್ಮ ಕೊಟ್ಟಿದ್ದ ಕುಬುಸದ ಕಣ ಚೀಲದ ಮೇಲೆಯೇ ಇತ್ತು, ತೆಗೆದು ಅವಳ ಕೈಗಿಟ್ಟೆ. ಹಸಿರು ಅಂಚಿನದು, ನನಗೇ ಬೇಕೆಂದು ಆರಿಸಿಕೊಂಡದ್ದು. ಬಿಸಿಲು ಜೋರಾಗಿತ್ತು. ತಂಬಿಗೆಯ ನೀರನ್ನು ನನ್ನ ಲೋಟಕ್ಕೇ ಬಗ್ಗಿಸಿ ಕೊಡಲು ಹೋದೆ. ಅವಳು ಲೋಟ ಮುಟ್ಟಲಿಲ್ಲ. "ಬೊಗಸಿಗೆ ಹಾಕ್ರಿ" ಎಂದು ಕಿಟಕಿಯ ಕೆಳಗೆ ಕೈ ಒಡ್ಡಿದಳು. ನಾನು ಹೊಯ್ದೆ, ಅವಳು ಕುಡಿದಳು. ಬಸ್ಸು ಹೊರಟಾಗ ಕಣವನ್ನು ಎದೆಗೊತ್ತಿಕೊಂಡು ಕೈಮುಗಿದಳು.

ಇವರು ಬಂದು ಪಕ್ಕದಲ್ಲಿ ಕೂತು, "ಏನಂತೆ?" ಎಂದರು.

"ತಪ್ಪಾಯ್ತು ಅಂದಳು. ಹೋಗಲಿ ಅಂದೆ."

"ಒಳ್ಳೇದು ಮಾಡಿದೆ" ಎಂದರು.

ಪಾಪ, ಅವಳಾಗಿಯೇ ಒಪ್ಪಿಕೊಂಡ ಮೇಲೆ ನಾನು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕ್ಷಮಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಆರು ವಾರ ಸುಮ್ಮನೆ ಒದ್ದಾಡುತ್ತಿರಲಿಲ್ಲ.

೬ ಅಕ್ಟೋಬರ್
ಶಿವಮೊಗ್ಗ

ಬಂತು. ಮೂರನೇ ಪ್ರಶ್ನೆ, ಅಕ್ಷರವೂ ಬದಲಾಗದೆ.

ಐದು ಪುಟ ಬರೆದೆ. ಜಯದೇವನನ್ನು ದೂರುವುದು ಸುಲಭ, ಅವನ ಒಳಗಿನ ನೋವನ್ನು ಕಾಣುವುದು ಕಷ್ಟ ಎಂದು ಆರಂಭಿಸಿದೆ. ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ್ದು ಅವನ ಅಪರಾಧವಲ್ಲ. ಅವನು ಎಲ್ಲಿಯೂ ಸುಳ್ಳಾಡುವುದಿಲ್ಲ ಎಂಬುದನ್ನು ಒತ್ತಿ ಬರೆದೆ. ಹೇಳಲಾರದ್ದನ್ನು ಎದೆಯಲ್ಲಿಟ್ಟುಕೊಂಡು ತನ್ನ ಕೈಲಾದಷ್ಟು ಒಳ್ಳೆಯದನ್ನು ಮಾಡುವುದೇ ಅವನ ಉದಾತ್ತತೆ. ಕೊನೆಯ ದೃಶ್ಯಕ್ಕೆ ಒಂದು ಪುಟ ಪೂರ್ತಿ ಕೊಟ್ಟೆ. ನಾಟಕದಲ್ಲೆಲ್ಲ ಅತ್ಯಂತ ಸಹಜವಾದ ದೃಶ್ಯ ಅದು. ಆ ಹೆಂಗಸು ಕಾಲಿಗೆ ಬೀಳುವುದೂ ಅವನು ನೀರು ಕೊಡುವುದೂ ಕಣ್ಣಿಗೆ ಕಟ್ಟುತ್ತದೆ. ನಾಟಕ ಬರೆದವರಿಗೆ ಬಡವರ ಪರಿಚಯ ಚೆನ್ನಾಗಿದೆ.

ಹೊರಗೆ ಇವರು ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದರು. ಹೋಟೆಲಿನಲ್ಲಿ ಕಾಫಿ ಕುಡಿಸಿದರು. "ಹೇಗೆ ಬರೆದೆ?" ಎಂದರು. "ಪಾಸಾಗುತ್ತೇನೆ" ಎಂದೆ. ಜನವರಿಯಿಂದ ಸ್ಕೂಲಿಗೆ ಹೋಗುವಾಗ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಹುಡುಕೋಣ ಎಂದರು. ಈ ಸಲ ನೋಡಿ ಇಟ್ಟುಕೊಳ್ಳಬೇಕು, ಕೈ ಶುದ್ಧ ಇರುವವಳನ್ನು.

ಇವತ್ತು ಇವರ ನೆಂಟರ ಮನೆಯಲ್ಲಿ ಉಳಿದಿದ್ದೇವೆ. ಇನ್ನೂ ಎಂಟು ಗಂಟೆ. ಕೂಸು ಪಕ್ಕದಲ್ಲಿ ಮಲಗಿದೆ, ಉಸಿರು ನೋಡಬೇಕೆಂದು ಅನ್ನಿಸಲಿಲ್ಲ. ನೋಟುಬುಕ್ಕಿನಲ್ಲಿ ಇನ್ನೂ ಒಂಬತ್ತು ಹಾಳೆ ಉಳಿದಿವೆ. ಬರೆಯುವಂಥದ್ದು ಏನೂ ಇಲ್ಲ. ನಿದ್ದೆ ಬರುತ್ತಿದೆ.